ಕೊಂಬು ನೋಡಿ ಹಸು ಕೊಳ್ಳುವುದು ಹೇಗೆ?

ಸಂತೆಗೆ ಹೋದವರು ಮೊದಲು ಕೆಚ್ಚಲು ನೋಡುತ್ತಾರೆ, ಆಮೇಲೆ ಬಾಯಿ ಬಿಡಿಸುತ್ತಾರೆ. ಕೊಂಬನ್ನು ಮಾತ್ರ ಸುಮ್ನೆ ಒಮ್ಮೆ ಸವರಿ ಬಿಡುತ್ತಾರೆ. ನಾನೂ ಹೀಗೇ ಮಾಡಿ, ಮೂರನೇ ಸೂಲು ಎಂದು ನಂಬಿ ಏಳೆಂಟು ಕರು ಹಾಕಿದ ಹಸುವನ್ನು ಮನೆಗೆ ಹೊಡೆದುಕೊಂಡು ಬಂದಿದ್ದೆ.

ಮೊದಲು ತಳಿ ನೋಡಿ. ಇದು ಸುಲಭ. ನಮ್ಮ ಮಲೆನಾಡು ಗಿಡ್ಡಕ್ಕೆ ಮೈಗೆ ತಕ್ಕ ಸಣ್ಣ ಕೊಂಬು. ಅಮೃತಮಹಲ್ ದನದ ಕೊಂಬು ನೆತ್ತಿಯ ಮೇಲೆ ಹತ್ತಿರ ಹತ್ತಿರವೇ ಹುಟ್ಟಿ, ಹಿಂದಕ್ಕೆ ಮೇಲಕ್ಕೆ ಉದ್ದ ಹೋಗಿ, ತುದಿಯಲ್ಲಿ ಚೂಪಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದಲ್ಲಿ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಗಿರ್ ಕೊಂಬು ಹಿಂದಕ್ಕೆ ಬಾಗಿದ ಅರ್ಧಚಂದ್ರ. ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ತಲೆ ಬೋಳಾಗಿದ್ದರೆ ಅದು ಹುಟ್ಟುಬೋಳು ಎಂದುಕೊಳ್ಳಬೇಡಿ. ಹೆಚ್ಚಿನವಕ್ಕೆ ಕರುವಿದ್ದಾಗಲೇ ಕೊಂಬಿನ ಮೊಗ್ಗು ಸುಟ್ಟಿರುತ್ತಾರೆ.

ಕೊಂಬಿದ್ದದ್ದೆಲ್ಲ ಹೋರಿ ಎನ್ನುವ ಪೇಟೆಯ ಮಕ್ಕಳನ್ನು ಕಂಡಿದ್ದೇನೆ. ಹಸುವಿಗೂ ಕೊಂಬಿದೆ, ಅಲ್ವಾ? ವ್ಯತ್ಯಾಸ ಇರುವುದು ಬುಡದಲ್ಲಿ. ಹೋರಿಯ ಕೊಂಬು ಬುಡದಲ್ಲಿ ದಪ್ಪ, ಉದ್ದ ಕಡಿಮೆ. ಹಸುವಿನದು ತೆಳು. ಎಳೆಯದರಲ್ಲೇ ಬೀಜ ಒಡೆಸಿದ ಎತ್ತಿನ ಕೊಂಬು ಹೋರಿಯದಕ್ಕಿಂತ ಉದ್ದ ಬೆಳೆಯುತ್ತದೆ.

ಈಗ ಎಲ್ಲರೂ ಎಡವುವ ಜಾಗ, ಬಳೆ ಎಣಿಸುವುದು. ಅಂದರೆ ಕೊಂಬಿನ ಸುತ್ತ ಬಿದ್ದ ಉಂಗುರಗಳನ್ನು ಎಣಿಸಿ ಹಸುವಿನ ವಯಸ್ಸು ತಿಳಿಯುವುದು. ಮಾಲೀಕರಿಗೆ ಹಗ್ಗ ಬಿಗಿಯಾಗಿ ಹಿಡಿಯಲು ಹೇಳಿ. ಹಸುವಿನ ಎದುರಿಗೆ ನಿಲ್ಲಬೇಡಿ, ಕತ್ತಿನ ಪಕ್ಕ ನಿಲ್ಲಿ. ಕಣ್ಣಿನಿಂದ ಎಣಿಸಬೇಡಿ. ಹೆಬ್ಬೆರಳಿನ ಉಗುರನ್ನು ಕೊಂಬಿನ ತುದಿಯಿಂದ ಬುಡದ ಕಡೆಗೆ ನಿಧಾನವಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳುವ ತಗ್ಗೇ ಬಳೆ. ತುದಿಯ ಕಡೆಯದು ಹಳೆಯದು, ಬುಡದ್ದು ಹೊಸದು. ಮೊದಲ ಬಳೆ ಸುಮಾರು ಮೂರು ವರ್ಷಕ್ಕೆ ಬೀಳುತ್ತದೆ. ಹಾಗಾಗಿ ಎಣಿಸಿದ ಲೆಕ್ಕಕ್ಕೆ 2 ಕೂಡಿಸಿ. ಐದು ಬಳೆ ಎಂದರೆ ಏಳು ವರ್ಷ. ಹಸುವಿನಲ್ಲಿ ಸೂಲಿಗೊಂದು ತಗ್ಗು ಬೀಳುತ್ತದೆ, ಗಬ್ಬ ಮತ್ತು ಹಾಲು ಮೈಯ ಸತ್ವ ಎಳೆದುಕೊಳ್ಳುವುದರಿಂದ. ಎರಡು ಬಳೆಗಳ ನಡುವೆ ಅಂತರ ಜಾಸ್ತಿ ಇದ್ದರೆ ಆ ವರ್ಷ ಕರು ಹಾಕಿಲ್ಲ ಎಂದು ಅನುಮಾನ ಪಡಿ, ಕೇಳಿ. ಮೇವಿಲ್ಲದ ಬೇಸಿಗೆ, ಕಾಯಿಲೆ ಕೂಡ ಗೀರು ಬಿಡುತ್ತವೆ. ಅವು ಸಣ್ಣವು, ಸುತ್ತಲೂ ಪೂರ್ತಿ ಬರುವುದಿಲ್ಲ. ಅವನ್ನು ಬಿಟ್ಟು ಎಣಿಸಿ.

ಮೋಸ ನಡೆಯುವುದೂ ಇಲ್ಲೇ. ಗಾಜಿನ ಚೂರಿನಿಂದ ಕೊಂಬು ಹೆರೆದು, ಉಪ್ಪುಕಾಗದ ತಿಕ್ಕಿ, ಎಣ್ಣೆ ಸವರುತ್ತಾರೆ. ನನ್ನ ಹಸುವಿಗೂ ಹಾಗೇ ಮಾಡಿದ್ದರು. ಹೆರೆಯದ ಕೊಂಬು ಬುಡದಲ್ಲಿ ಒರಟು, ಮಂಕು. ಹೆರೆದದ್ದು ಬುಡದವರೆಗೂ ಒಂದೇ ಸಮ ಮಿರುಗುತ್ತದೆ, ಉದ್ದುದ್ದ ಸಣ್ಣ ಗೆರೆ ಕಾಣುತ್ತದೆ. ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ ನೋಡಿ. ಆಮೇಲೆ ಕೊಂಬಿನ ಹಿಂಬದಿಗೆ, ಕಿವಿಯ ಕಡೆ ಬೆರಳು ಹಾಕಿ. ಅಲ್ಲಿಗೆ ಗಾಜು ಸರಿಯಾಗಿ ತಾಗುವುದಿಲ್ಲ, ತಗ್ಗು ಉಳಿದಿರುತ್ತದೆ. ಎನಾಮಲ್ ಬಣ್ಣ ಬಳಿದ ಕೊಂಬನ್ನು ಎಣಿಸಲು ಹೋಗಲೇಬೇಡಿ. ದೀಪಾವಳಿಗೂ ನಾನು ಆ ಡಬ್ಬಿ ಮುಟ್ಟುವುದಿಲ್ಲ. ಕೆಮ್ಮಣ್ಣೇ ಚೆಂದ, ತೊಳೆದರೆ ಹೋಗುತ್ತದೆ.

ಹಲ್ಲನ್ನೂ ನೋಡಿ. ಬಾಯಿಗೂಡುವವರೆಗೆ, ಅಂದರೆ ಹಾಲುಹಲ್ಲು ಬಿದ್ದು ಎಂಟು ಕಾಯಂ ಹಲ್ಲು ಬರುವವರೆಗೆ, ಹಲ್ಲೇ ಹೆಚ್ಚು ನಂಬಿಕಸ್ಥ. ಆಮೇಲೆ ಸವೆತ ನೋಡಿ ಅಂದಾಜು ಮಾಡಬೇಕು. ಆಗ ಕೊಂಬು ನೆರವಿಗೆ ಬರುತ್ತದೆ.

ಕೊನೆಗೆ ಎರಡೂ ಕೊಂಬನ್ನು ಹಿಡಿದು ಮೆಲ್ಲಗೆ ಅಲುಗಾಡಿಸಿ. ಕೊಂಬಿನ ಒಳಗೆ ಎಲುಬಿದೆ, ಅದು ತಲೆಬುರುಡೆಗೆ ಕೂಡಿಕೊಂಡಿದೆ. ಗಟ್ಟಿಯಾಗಿ ಕೂತಿರಬೇಕು. ಒಂದು ಕೊಂಬು ವಾಲಿದ್ದರೆ, ದನ ಪದೇ ಪದೇ ತಲೆ ಒದರುತ್ತಿದ್ದರೆ, ಅದೇ ಬದಿಯ ಮೂಗಿನಲ್ಲಿ ರಕ್ತ ಬರುತ್ತಿದ್ದರೆ ಅದು ಕೊಂಬಿನ ಕ್ಯಾನ್ಸರ್ ಇರಬಹುದು. ಎತ್ತುಗಳಲ್ಲಿ ಇದು ಜಾಸ್ತಿ. ವ್ಯಾಪಾರ ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಲು ಮಾಲೀಕರಿಗೆ ಅಲ್ಲೇ ಹೇಳಿ.