ಬಾಯಿಲೆ ಕುಸ್ತಿ: ರೆಸ್ಲಿಂಗ್ ಆರ್‌ಪಿ ಬರೆಯುವ ನನ್ನ ಅನುಭವ

ಗೊತ್ತಿಲ್ಲದವರಿಗೆ ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಇದು ರೆಸ್ಲಿಂಗ್ ಆಡುವುದಲ್ಲ, ಬರೆಯುವುದು. ನೀವೊಬ್ಬ ಪೈಲ್ವಾನನನ್ನು ಹುಟ್ಟಿಸುತ್ತೀರಿ. ಹೆಸರು, ತೂಕ, ಊರು, ಅವನ ಪಟ್ಟು, ಅವನು ಒಳ್ಳೆಯವನೋ ಕೆಟ್ಟವನೋ, ಎಲ್ಲ ನಿಮ್ಮದೇ. ಇನ್ನೊಬ್ಬ ಎಲ್ಲೋ ಅಮೆರಿಕದಲ್ಲಿ ಕೂತು ತನ್ನದೊಬ್ಬನನ್ನು ಹುಟ್ಟಿಸಿರುತ್ತಾನೆ. ಹೀಗೆ ಆಡುವವರ ಗುಂಪಿಗೆ ಫೆಡ್ ಅಂತಾರೆ. ಅದನ್ನು ನಡೆಸುವವನು ಇಬ್ಬರಿಗೂ ಮ್ಯಾಚ್ ಹಾಕುತ್ತಾನೆ. ಮ್ಯಾಚಿಗೆ ಮುಂಚೆ ಇಬ್ಬರೂ ತಮ್ಮ ಪೈಲ್ವಾನನಿಂದ ಮಾತಾಡಿಸಿ ಬರೆಯಬೇಕು. ಅದೇ ರೋಲ್‌ಪ್ಲೇ, ನಾವು ಆರ್‌ಪಿ ಅಂತೀವಿ. ಯಾರ ಆರ್‌ಪಿ ಚೆನ್ನಾಗಿದೆಯೋ ಅವನು ಗೆದ್ದ ಹಾಗೆ ಮ್ಯಾಚ್ ಬರೆಯುತ್ತಾರೆ.

ಗಂಗಾವತಿಯಲ್ಲಿ ನಮ್ಮ ಓಣಿಯ ಗರಡಿ ಉಸ್ತಾದ್ ಮಾಮಾನಿಗೆ ಇದನ್ನೆಲ್ಲ ವಿವರಿಸಿದರೆ, "ಮಣ್ಣು ಮುಟ್ಟಂಗಿಲ್ಲ, ಲಂಗೋಟಿ ಕಟ್ಟಂಗಿಲ್ಲ, ಬರೇ ಬಾಯಿಲೆ ಕುಸ್ತಿ ಅನ್ನು" ಅಂದರು. ಬಾಯಿಲೆನೂ ಅಲ್ಲ ಮಾಮಾ, ಬೆರಳಿಲೆ ಅಂದೆ. ಅದಕ್ಕೆ ಇನ್ನೂ ಜಾಸ್ತಿ ನಕ್ಕರು.

ಇದು ಇಂಟರ್‌ನೆಟ್‌ಗಿಂತ ಹಳೆಯ ಆಟ. ಅಮೆರಿಕದಲ್ಲಿ 1980ರ ದಶಕದಲ್ಲೇ ಅಂಚೆಯಲ್ಲಿ ಕಾಗದ ಕಳಿಸಿ ಆಡುತ್ತಿದ್ದರು. ನಾನು ಸೇರಿದ್ದು ಸೈಬರ್ ಕೆಫೆ ಕಾಲದಲ್ಲಿ. ಟಿವಿಯಲ್ಲಿ ಬರುವ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ ಹೆಸರು ಬದಲಾಗಿ ಡಬ್ಲ್ಯೂಡಬ್ಲ್ಯೂಇ ಆಗಿದ್ದು 2002ರ ಮೇ ತಿಂಗಳಲ್ಲಿ. ನಮ್ಮ ಓಣಿಯಲ್ಲಿ ಇವತ್ತಿಗೂ ಹಳೇ ಹೆಸರೇ ನಡೆಯುತ್ತದೆ, ಅದು ಬೇರೆ ಮಾತು. ಟ್ರಂಪ್ ಕಾರ್ಡ್ ಆಡಿ ಬೆಳೆದ ನಮಗೆ ಪೈಲ್ವಾನರ ಎತ್ತರ ತೂಕ ಎಲ್ಲ ಬಾಯಿಪಾಠ. ಹಾಗಾಗಿ ಒಬ್ಬನನ್ನು ಹುಟ್ಟಿಸುವುದು ಕಷ್ಟ ಆಗಲಿಲ್ಲ. ನನ್ನವನ ಹೆಸರು ಬಂಡೆ ಭೀಮ. ಊರು ಆನೆಗೊಂದಿ, ಕೆಲಸ ಕ್ವಾರಿಯಲ್ಲಿ ಕಲ್ಲು ಒಡೆಯುವುದು. ಇಂಡಿಯಾದವನು ಅಂದ ಕೂಡಲೇ ಹಾವಾಡಿಗ ಇಲ್ಲವೇ ಸಾಧು ಅಂತ ಆಗ ಅವರ ಲೆಕ್ಕ. ಗ್ರೇಟ್ ಖಲಿ ಅಲ್ಲಿಯ ಟಿವಿಗೆ ಬಂದಿದ್ದೇ 2006ರಲ್ಲಿ.

ಆಗಿನ ಆರ್‌ಪಿ ಚಿಕ್ಕವು. ದೀಪ ಆರುತ್ತದೆ, ಹೊಗೆ ಬರುತ್ತದೆ, ಪೈಲ್ವಾನ ಮೈಕ್ ಹಿಡಿಯುತ್ತಾನೆ, ಎದುರಿನವನಿಗೆ ಚೆನ್ನಾಗಿ ಉಗಿಯುತ್ತಾನೆ, ಕೊನೆಗೆ ತನ್ನದೊಂದು ಖಾಯಂ ಡೈಲಾಗ್ ಹೊಡೆದು ಹೋಗುತ್ತಾನೆ. 1996ರ ಕಿಂಗ್ ಆಫ್ ದಿ ರಿಂಗ್ ಅನ್ನುವ ಟೂರ್ನಿ ಗೆದ್ದ ರಾತ್ರಿ ಸ್ಟೀವ್ ಆಸ್ಟಿನ್ ಆಡಿದ ಮಾತಿನ ನೆರಳು ಎಲ್ಲರ ಮೇಲೂ ಇತ್ತು. ಒಂದು ಮ್ಯಾಚಿಗೆ ಎಷ್ಟು ಬೇಕಾದರೂ ಆರ್‌ಪಿ ಹಾಕಬಹುದಿತ್ತು. ಅಂದ ಮೇಲೆ ಕೊನೇ ಮಾತು ಯಾರದು ಅನ್ನುವುದೇ ದೊಡ್ಡ ಜಗಳ. ಗಡುವು ಅಲ್ಲಿಯ ಮಧ್ಯರಾತ್ರಿ. ನ್ಯೂಯಾರ್ಕ್ ಕಡೆಯ ಮಧ್ಯರಾತ್ರಿ ಅಂದರೆ ನಮಗೆ ಬೆಳಿಗ್ಗೆ 10:30, ಅವರ ಬೇಸಿಗೆಯಲ್ಲಿ 9:30. ಅವರು ಕಣ್ಣು ಉಜ್ಜಿಕೊಂಡು ಕಾಯುತ್ತಿದ್ದರೆ ನಾನು ಮಂಡಕ್ಕಿ ಮಿರ್ಚಿ ತಿಂದು ಆರಾಮಾಗಿ ಬಂದು ಕೂರುತ್ತಿದ್ದೆ. ಕರೆಂಟ್ ಇದ್ದರೆ ಮಾತ್ರ. ಅದಕ್ಕೇ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಈ ಅಭ್ಯಾಸದಿಂದ ಒಂದು ಲಾಭ ಆಯಿತು. ಪುಕ್ಕಟೆಯಾಗಿ ವೆಬ್‌ಸೈಟ್ ಮಾಡಿಕೊಳ್ಳಲು ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಎಷ್ಟೋ ಫೆಡ್‌ಗಳ ಹಳೇ ಬರಹ ಹೋಯಿತು. ನನ್ನವು ಟ್ರಂಕಿನಲ್ಲಿ ಹಾಗೇ ಇವೆ.

ಬರೀ ಬೈಗುಳದಲ್ಲಿ ನಾನು ಗೆಲ್ಲುವ ಹಾಗಿರಲಿಲ್ಲ. ಅವರ ಇಂಗ್ಲಿಷ್ ಬೈಗುಳದ ಮುಂದೆ ನನ್ನದು ಪಠ್ಯಪುಸ್ತಕದ ಹಾಗೆ ಕೇಳುತ್ತಿತ್ತು. ಆಗ ಹೊಳೆದದ್ದು ದೊಡ್ಡಾಟ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಪಾತ್ರ ರಂಗಕ್ಕೆ ಬರುತ್ತದೆ, ಸಾರಥಿ ಎದುರು ನಿಂತು ನೀವು ಯಾರು, ಯಾವೂರು, ಬಂದ ಕಾರಣ ಏನು ಅಂತ ಕೇಳುತ್ತಾನೆ, ಪಾತ್ರ ಎದೆ ಉಬ್ಬಿಸಿ ತನ್ನ ಪ್ರತಾಪ ಹೇಳಿಕೊಳ್ಳುತ್ತದೆ. ಮ್ಯಾಚಿಗೆ ಮುಂಚೆ ಪೈಲ್ವಾನ ಮೈಕ್ ಹಿಡಿದು ಆಡುವ ಮಾತು, ಅಂದರೆ ಪ್ರೋಮೊ, ಇದೇ ಅಲ್ವಾ? ನಾನು ಭೀಮನಿಗೊಬ್ಬ ಸಾರಥಿಯನ್ನು ಕೊಟ್ಟೆ. ಅಲ್ಲಿಯವರು ಅವನನ್ನು ಮ್ಯಾನೇಜರ್ ಅಂದುಕೊಂಡರು. ಮ್ಯಾನೇಜರ್ ಪೈಲ್ವಾನನ ಪರವಾಗಿ ಮಾತಾಡುತ್ತಾನೆ. ಸಾರಥಿ ಹಾಗಲ್ಲ, ಅವನು ಕೇಳುತ್ತಾನೆ, ಕೆಣಕುತ್ತಾನೆ, ನಗಿಸುತ್ತಾನೆ. ಎದುರಾಳಿ ನನ್ನ ಬಗ್ಗೆ ಬರೆದದ್ದರಲ್ಲಿ ಎಲ್ಲಕ್ಕಿಂತ ಚುಚ್ಚುವ ಮಾತನ್ನು ಆರಿಸಿ ಸಾರಥಿಯ ಬಾಯಲ್ಲಿ ಪ್ರಶ್ನೆಯಾಗಿ ಇಡುತ್ತಿದ್ದೆ. ಉತ್ತರ ಕೊಡದೆ ಭೀಮನಿಗೆ ಬೇರೆ ದಾರಿಯೇ ಇಲ್ಲ. ಇವತ್ತಿಗೂ ನಾನು ಬರೆಯುವುದು ಹೀಗೇ.

ಆಮೇಲೆ ಆರ್‌ಪಿ ಉದ್ದ ಆದವು. ಎಷ್ಟು ಉದ್ದ ಅಂದರೆ ಓದುವ ಜಡ್ಜ್ ರಜೆ ಹಾಕಬೇಕು. ಪೈಲ್ವಾನನ ಬಾಲ್ಯ, ಕುಡುಕ ಅಪ್ಪ, ಡೈವೋರ್ಸ್, ಆಸ್ಪತ್ರೆ, ಎಲ್ಲ ಬಂತು. ಕ್ಯಾಮೆರಾ ಮುಂದಿನದು, ಕ್ಯಾಮೆರಾ ಇಲ್ಲದಾಗಿನದು ಅಂತ ಎರಡು ಭಾಗ ಆಯಿತು. ನನಗೆ ಇದು ಇಷ್ಟವೇ. ಭೀಮನ ಅವ್ವ, ಅವನ ಸಾಲ, ತುಂಗಭದ್ರೆ ಕಾಲುವೆಯ ನೀರಿಗೆ ಅವನ ಅಣ್ಣ ಮಾಡುವ ಜಗಳ, ಇದನ್ನೆಲ್ಲ ಬರೆಯಲು ಜಾಗ ಸಿಕ್ಕಿತು. ಆದರೆ ಒಂದು ತೊಡಕು. ಕ್ಯಾಮೆರಾ ಇಲ್ಲದಾಗ ಭೀಮ ಅತ್ತಿದ್ದು ಎದುರಾಳಿ ಪೈಲ್ವಾನನಿಗೆ ಗೊತ್ತಾಗುವುದು ಹೇಗೆ? ಬರೆಯುವವನು ಓದಿರುತ್ತಾನೆ, ಅವನ ಪೈಲ್ವಾನ ಓದಿರುವುದಿಲ್ಲ. ಹಾಗಾಗಿ ಅದನ್ನು ಬಳಸಬಾರದು ಅಂತ ಹೆಚ್ಚಿನ ಕಡೆ ನಿಯಮ. ಪರಿಣಾಮ ಏನಾಯಿತು? ಇಬ್ಬರೂ ತಮ್ಮ ತಮ್ಮ ಕಥೆಯನ್ನೇ ಬರೆಯುತ್ತಾ ಕೂತರು. ನಾಲ್ಕು ಸಾವಿರ ಪದದ ಆರ್‌ಪಿಯಲ್ಲಿ ಎದುರಾಳಿಯ ಹೆಸರು ಕೊನೇ ಪ್ಯಾರಾದಲ್ಲಿ ಸುಮ್ನೆ ಬಂದು ಹೋಗುವುದನ್ನು ನೋಡಿದ್ದೇನೆ. ಕಥೆ ಚೆನ್ನಾಗಿರಬಹುದು, ಆದರೆ ಮ್ಯಾಚ್ ಎಲ್ಲಿದೆ? ಪದಮಿತಿ, ಒಬ್ಬರಿಗೆ ಒಂದೇ ಆರ್‌ಪಿ, ಇವೆಲ್ಲ ಹೆಚ್ಚಾಗಿ ಬಂದದ್ದು ಈ ಕಾಟಕ್ಕೇ.

2011ರ ಜೂನ್ 27ಕ್ಕೆ ಡಬ್ಲ್ಯೂಡಬ್ಲ್ಯೂಇ ಪೈಲ್ವಾನ ಸಿಎಂ ಪಂಕ್ ವೇದಿಕೆಯ ಮೇಲೆ ಕಾಲು ಮಡಚಿ ಕೂತು ಕಂಪನಿಯನ್ನೇ ಬೈದ. ಮಾರನೇ ವಾರದಿಂದ ಎಲ್ಲರ ಪೈಲ್ವಾನರೂ ಕಾಲು ಮಡಚಿ ಕೂತರು. ಟಿವಿಯಲ್ಲಿ ತೆರೆ ಹಿಂದೆ ನಿಜವಾಗಿ ಒಂದು ಕಂಪನಿ ಇದೆ, ಬೈದರೆ ಅರ್ಥ ಇದೆ. ನಮ್ಮಲ್ಲಿ ತೆರೆ ಹಿಂದೆ ಇರುವವನು ಫೆಡ್ ನಡೆಸುವ ಯಾವನೋ ಬಡಪಾಯಿ, ಸಂಬಳವಿಲ್ಲದೆ ರಾತ್ರಿಯೆಲ್ಲ ಮ್ಯಾಚ್ ಬರೆಯುವವನು. ಅವನನ್ನು ಬೈದು ಏನು ಸಿಗುತ್ತದೆ? ಎಷ್ಟೋ ಜನ ಅದೇ ಬೇಸರಕ್ಕೆ ಬಿಟ್ಟು ಹೋದರು.

ಮುಂದೆ 2016ರಲ್ಲಿ ಮ್ಯಾಟ್ ಹಾರ್ಡಿ ಅನ್ನುವ ಪೈಲ್ವಾನ ತನ್ನ ಮನೆಯಂಗಳದಲ್ಲೇ ಸಿನಿಮಾ ತರಹ ಕುಸ್ತಿ ಮಾಡಿದ. 2020ರಲ್ಲಿ ಕೊರೊನಾ ಬಂದು ಡಬ್ಲ್ಯೂಡಬ್ಲ್ಯೂಇಯ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾ ಜನರಿಲ್ಲದೆ ನಡೆಯಿತು, ಅಂಡರ್‌ಟೇಕರ್ ಸ್ಮಶಾನದಂಥ ಜಾಗದಲ್ಲಿ ಆಡಿದ. ಅದು ಬರೆಯುವವರಿಗೆ ಹಬ್ಬ. ರಿಂಗೇ ಬೇಕಿಲ್ಲ ಅಂದ ಮೇಲೆ ನಾನು ಭೀಮನ ಮ್ಯಾಚನ್ನು ಆನೆಗೊಂದಿಯ ಬಂಡೆಗಳ ನಡುವೆ ಇಟ್ಟೆ, ಎದುರಾಳಿಯನ್ನು ಹರಿಗೋಲಿನಲ್ಲಿ ಹೊಳೆ ದಾಟಿಸಿ ಕರೆಸಿದೆ. ಹರಿಗೋಲು ಸುತ್ತುತ್ತಲೇ ಅವನಿಗೆ ತಲೆ ತಿರುಗಬೇಕು ಅಂತ ನನ್ನ ಹಂಚಿಕೆ.

ಈಗ ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನ ಕಾಲ. ಬರಹ ಮತ್ತೆ ಚಿಕ್ಕದಾಗಿದೆ. ಪೈಲ್ವಾನರು ದಿನವಿಡೀ ಚಾಟ್‌ನಲ್ಲಿ ಕಾಲು ಕೆರೆದು ಜಗಳ ಮಾಡುತ್ತಾರೆ, ದೊಡ್ಡ ಆರ್‌ಪಿ ಬರುವ ಹೊತ್ತಿಗೆ ಹೇಳಬೇಕಾದ್ದೆಲ್ಲ ಖಾಲಿ. ಎಐ ಇಂದ ಬರೆಸುವವರೂ ಬಂದಿದ್ದಾರೆ. ನನ್ನ ಪರೀಕ್ಷೆ ಒಂದೇ: ಎದುರಾಳಿ ಹೋದ ವಾರ ಹೇಳಿದ್ದಕ್ಕೆ ಇದರಲ್ಲಿ ಉತ್ತರ ಇದೆಯಾ? ನುಣ್ಣಗೆ ಇದ್ದು ಉತ್ತರ ಇಲ್ಲದಿದ್ದರೆ, ಯಾರು ಬರೆದಿದ್ದರೂ ನಾನು ಅಂಕ ಕೊಡುವುದಿಲ್ಲ.

ನಾವು ಗಂಗಾವತಿ, ಸಿಂಧನೂರು, ಬಳ್ಳಾರಿಯ ಕೆಲವರು ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಒಂದು ಚಿಕ್ಕ ಫೆಡ್ ನಡೆಸುತ್ತೇವೆ. ಬಳ್ಳಾರಿ ಗೆಳೆಯನ ಪೈಲ್ವಾನ ಜೀನ್ಸ್ ಫ್ಯಾಕ್ಟರಿ ಮಾಲೀಕನ ಮಗ, ಪಕ್ಕಾ ಹೀಲ್, ಅಂದರೆ ವಿಲನ್, ರಿಂಗಿಗೂ ಜೀನ್ಸ್ ಹಾಕಿಯೇ ಬರುತ್ತಾನೆ. ಅವನು ಒಮ್ಮೆ ಬರೆದ: "ನಿನ್ನ ಬಂಡೆ ನಮ್ಮ ಬಿಸಿಲಿಗೆ ಬಿರುಕು ಬಿಟ್ಟೈತಿ." ನಾನು ಹಾಕಿದ್ದು ಇಷ್ಟು:

ಸಾರಥಿ: "ಭೀಮಣ್ಣ, ಬಂಡೆ ಬಿರುಕು ಬಿಟ್ಟೈತಂತಲ್ಲ?"

ಭೀಮ: "ಹೌದಲೇ. ಬಿರುಕು ಬಿಟ್ಟ ಬಂಡೆ ಉರುಳತೈತಿ. ಕೆಳಗ ನಿಂತಾವ ಯಾರು ಅಂತ ಅವನ್ನ ಕೇಳು."

ಅವನ ಮಾತನ್ನು ನಾನು ಸುಳ್ಳು ಅನ್ನಲಿಲ್ಲ. ಒಪ್ಪಿಕೊಂಡು ತಿರುಗಿಸಿದೆ. ಎದುರಾಳಿಯನ್ನು ಕೈಲಾಗದವನು ಅಂತ ಬರೆದರೆ ಗೆದ್ದರೂ ಏನು ಬಂತು? ಉಸ್ತಾದ್ ಮಾಮಾ ಗರಡಿಯಲ್ಲಿ ಜೋಡಿ ಹಚ್ಚುವಾಗ ಸರಿಸಮ ಇದ್ದವರನ್ನೇ ಹುಡುಕುತ್ತಾರೆ. ಬರೆಯುವಾಗ ಆ ಕೆಲಸ ನಾವೇ ಮಾಡಬೇಕು. ಮೊದಲು ಅವನನ್ನು ಎತ್ತರಕ್ಕೆ ನಿಲ್ಲಿಸಿ, ಆಮೇಲೆ ಕಾಲಿಗೆ ಕೈ ಹಾಕಬೇಕು. ಬರೆದದ್ದನ್ನು ನಾನು ಒಮ್ಮೆ ಗಟ್ಟಿಯಾಗಿ ಓದುತ್ತೇನೆ, ಉಸಿರು ಸಾಲದೆ ಹೋದ ಕಡೆ ಕತ್ತರಿಸುತ್ತೇನೆ.

ಹೊಸ ಹುಡುಗರು ಈಗ ಬರೆಯುವುದನ್ನೇ ಬಿಟ್ಟು ವಾಯ್ಸ್ ನೋಟ್ ಹಾಕಲು ಶುರು ಮಾಡಿದ್ದಾರೆ. ಸಿಂಧನೂರಿನ ಒಬ್ಬ ತಮ್ಮನ ದನಿ ಮೈಕ್ ಇಲ್ಲದೆ ಊರಿಗೆಲ್ಲ ಕೇಳುವಂಥದ್ದು. ಹಾಗಾದರೆ ಒಳ್ಳೆ ಗಂಟಲಿದ್ದವನೇ ಗೆಲ್ಲುವುದಾ ಅಂತ ಗ್ರೂಪಿನಲ್ಲಿ ದೊಡ್ಡ ಗಲಾಟೆ ಆಯಿತು. ವಾಯ್ಸ್ ಹಾಕಿದವರು ಬರೆದದ್ದನ್ನೂ ಹಾಕಬೇಕು, ಅಂಕ ಬರಹಕ್ಕೆ ಮಾತ್ರ ಅಂತ ಸದ್ಯಕ್ಕೆ ಮಾಡಿದ್ದೇವೆ. "ಯಣ್ಣ, ದೊಡ್ಡಾಟದಾಗ ಯಾರು ಚೀಟಿ ಓದಿ ಅಂಕ ಕೊಡ್ತಾರ?" ಅಂತ ಅವನು ನನ್ನ ಮಾತನ್ನೇ ನನಗೆ ತಿರುಗಿಸಿದ್ದಾನೆ. ಉತ್ತರ ಇನ್ನೂ ಕೊಟ್ಟಿಲ್ಲ.