ಕಪ್ಪು ಆಯಿಲ್‌ಗೆ ಹೆದರಬೇಡಿ, ಮುಚ್ಚಳದಡಿಯ ಗಸಿಗೆ ಹೆದರಿ

ಡಿಪ್‌ಸ್ಟಿಕ್ ಹೊರಗೆಳೆದು, ಎರಡು ಬೆರಳ ನಡುವೆ ಆಯಿಲ್ ಉಜ್ಜಿ, ‘ಫುಲ್ ಕಪ್ಪಾಗಿದೆ ಸಾರ್, ಚೇಂಜ್ ಮಾಡಿಬಿಡೋಣ’ ಎನ್ನುವವರಿಗೆ ನಮ್ಮಲ್ಲಿ ಬರವಿಲ್ಲ. ಅದೇ ಆಯಿಲ್ ನೋಡಿ ‘ಇನ್ನೂ ಚೆನ್ನಾಗಿದೆ, ಎರಡು ಸಾವಿರ ಓಡ್ಸಿ’ ಎನ್ನುವವರಿಗೂ ಬರವಿಲ್ಲ. ಇಬ್ಬರೂ ನೋಡುತ್ತಿರುವುದು ಬಣ್ಣವನ್ನು. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿಲೋಮೀಟರಿಗೆ ಕಪ್ಪಾಗುತ್ತದೆ. ಮಸಿಯನ್ನು ತನ್ನೊಳಗೆ ತೇಲಿಸಿ ಹಿಡಿದುಕೊಳ್ಳುವುದು ಆಯಿಲ್‌ನ ಕೆಲಸ, ಅದು ಆ ಕೆಲಸ ಮಾಡುತ್ತಿದೆ ಎಂದಷ್ಟೇ ಇದರರ್ಥ. ಪೆಟ್ರೋಲ್ ಕಾರಿನಲ್ಲಿ ಜೇನುಬಣ್ಣ ನಿಧಾನಕ್ಕೆ ಕಂದಾಗುತ್ತದೆ. ಹಿಡಿದುಕೊಳ್ಳುವ ಶಕ್ತಿ ಮುಗಿದ ಮೇಲೆ ಆ ಕೊಳೆ ಎಂಜಿನ್ ಒಳಗೇ ಎಲ್ಲೋ ಕೂರುತ್ತದೆ. ಅದೇ ಸ್ಲಡ್ಜ್, ನಮ್ಮ ಮಾತಿನಲ್ಲಿ ಗಸಿ.

ಗಸಿ ಹುಟ್ಟುವುದಕ್ಕೆ ಹಳೆಯ ಆಯಿಲ್ ಒಂದೇ ಕಾರಣವಲ್ಲ. ಪಿಸ್ಟನ್ ರಿಂಗ್‌ಗಳ ಸಂದಿಯಿಂದ ನೀರಾವಿ, ಉರಿಯದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳು ಕೆಳಗಿಳಿದು ಆಯಿಲ್‌ಗೆ ಸೇರುತ್ತಲೇ ಇರುತ್ತವೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ನೀರು, ಪೆಟ್ರೋಲ್ ಆವಿಯಾಗಿ ಹೋಗುತ್ತವೆ. ಮೀಟರಿನ ಟೆಂಪರೇಚರ್ ಮುಳ್ಳು ಐದಾರು ನಿಮಿಷಕ್ಕೆ ಮಧ್ಯಕ್ಕೆ ಬರಬಹುದು, ಆದರೆ ಅದು ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟ್‌ನ ಬಿಸಿ. ಆಯಿಲ್ ಪೂರ್ತಿ ಕಾಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಮನೆಯಿಂದ ಮೂರು ಕಿಲೋಮೀಟರ್ ದೂರದ ಶಾಲೆ, ಅಲ್ಲಿಂದ ತರಕಾರಿ ಅಂಗಡಿ, ಮತ್ತೆ ಮನೆ ಎಂದು ಓಡುವ ಕಾರಿನಲ್ಲಿ ಆಯಿಲ್ ಎಂದೂ ಕಾಯುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿದ ‘ಲೇಡಿ ಡ್ರಿವನ್, ಡಾಕ್ಟರ್ ಓನ್ಡ್’ ಕಾರಿನ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲ್ಮುಚ್ಚಳ) ಬಿಚ್ಚಿದರೆ ಒಳಗೆ ಹೆದ್ದಾರಿ ಟ್ಯಾಕ್ಸಿಗಿಂತ ಹೆಚ್ಚು ಕೊಳೆ ಕಾಣುವುದು ಇದಕ್ಕೇ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ನೆನಪಿಡಿ. ಗಸಿ ಇದೆಯೇ ಎಂದು ನೋಡುವ, ಇದ್ದರೆ ತೆಗೆಯುವ ಹಂತಗಳು ಮುಂದಿವೆ.

ಹಂತ 1: ಮಟ್ಟ

ಸಮತಟ್ಟಾದ ಜಾಗ, ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದು ಓದಿ. ಎರಡು ಗುರುತಿನ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಒಂದು ಲೀಟರಿನ ಆಸುಪಾಸು.

ಮಟ್ಟ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಏರಿದರೆ ಯಾರೂ ಕೇಳುವುದಿಲ್ಲ. ಏರುವುದೂ ಅಪಾಯ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಕಾರುಗಳಲ್ಲಿ ಫಿಲ್ಟರಿನ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಆ ಸುಡುವಿಕೆ ಮುಗಿಯುವ ಮೊದಲೇ ಪದೇ ಪದೇ ಗಾಡಿ ಆಫ್ ಮಾಡುತ್ತಿದ್ದರೆ ಡೀಸೆಲ್ ಚೇಂಬರ್‌ಗೆ, ಅಂದರೆ ಎಂಜಿನ್ನಿನಡಿಯ ಆಯಿಲ್ ತೊಟ್ಟಿಗೆ, ಇಳಿದು ಆಯಿಲ್ ತೆಳುವಾಗುತ್ತದೆ. ಗರಿಷ್ಠ ಗುರುತನ್ನು ದಾಟಿದ್ದರೆ ಕಿಲೋಮೀಟರ್ ಲೆಕ್ಕ ಬಿಟ್ಟು ಆಯಿಲ್ ಬದಲಿಸಿ.

ಹಂತ 2: ಕಾಗದದ ಮೇಲೆ ಒಂದು ಹನಿ

ಪ್ರಯೋಗಾಲಯದ ಫಿಲ್ಟರ್ ಪೇಪರ್ ಅಥವಾ ಕಾಫಿ ಸೋಸುವ ಬಿಳಿ ಕಾಗದವನ್ನು ಒಂದು ಲೋಟದ ಬಾಯಿ ಮೇಲೆ, ಅಡಿಗೆ ಏನೂ ತಾಗದಂತೆ ಇಡಿ. ಬಿಸಿ ಆಯಿಲ್‌ನ ಒಂದೇ ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಕಪ್ಪು ಮಧ್ಯದಿಂದ ಅಂಚಿಗೆ ಮಾಸುತ್ತಾ ಹರಡಿದ್ದರೆ ಆಯಿಲ್ ಇನ್ನೂ ಕೊಳೆಯನ್ನು ಹೊರುತ್ತಿದೆ. ಮಧ್ಯದಲ್ಲಿ ದಟ್ಟ ಕಪ್ಪು ಬೊಟ್ಟು, ಸುತ್ತ ಗೆರೆ ಎಳೆದಂತೆ ಅಂಚು, ಆಚೆಗೆ ಬರೀ ಎಣ್ಣೆ ಕಲೆ ಎಂದಾದರೆ ಅದರ ಶಕ್ತಿ ಮುಗಿದಿದೆ. ಹೊರಗೆ ತೆಳು ಹಳದಿ ಉಂಗುರ ಅಗಲವಾಗಿದ್ದು ಪೆಟ್ರೋಲ್ ವಾಸನೆಯೂ ಇದ್ದರೆ ಇಂಧನ ಬೆರೆತಿದೆ.

ನೀರಿನ ಅನುಮಾನವಿದ್ದರೆ ಕಾದ ತಗಡಿನ ಮೇಲೆ ಒಂದು ಹನಿ ಹಾಕಿ. ಸಾಸಿವೆ ಒಗ್ಗರಣೆಯಂತೆ ಚಟಪಟ ಎಂದರೆ ನೀರಿದೆ. ಈ ಪರೀಕ್ಷೆ ಹೊರಗಡೆ ಮಾಡಿ, ಕನ್ನಡಕ ಹಾಕಿಕೊಳ್ಳಿ, ಪೆಟ್ರೋಲ್ ವಾಸನೆ ಬರುವ ಆಯಿಲ್ ಆದರೆ ಬೇಡವೇ ಬೇಡ.

ಹಂತ 3: ಮುಚ್ಚಳ ತೆಗೆದು ಟಾರ್ಚ್ ಬಿಡಿ

ಆಯಿಲ್ ಹಾಕುವ ಮುಚ್ಚಳದ ಒಳಬದಿ ಬೆರಳಾಡಿಸಿ. ಬೆಣ್ಣೆಯಂಥ ಹಳದಿ ನೊರೆ ಕಂಡ ಕೂಡಲೇ ‘ಹೆಡ್ ಗ್ಯಾಸ್ಕೆಟ್ (ಕೂಲಂಟ್ ಆಯಿಲ್‌ಗೆ ಬೆರೆಯದಂತೆ ತಡೆಯುವ ಸೀಲ್) ಹೋಗಿದೆ’ ಎಂದು ಎಸ್ಟಿಮೇಟ್ ಬರೆಯುವವರಿದ್ದಾರೆ, ನಂಬಿಬಿಡಬೇಡಿ. ಮಡಿಕೇರಿ, ಮೂಡಿಗೆರೆಯಂಥ ಕಡೆ ಮಳೆಗಾಲದಲ್ಲಿ ಸಣ್ಣ ಸಣ್ಣ ಓಡಾಟ ಮಾಡುವ ಕಾರುಗಳಲ್ಲಿ ಮುಚ್ಚಳದಡಿ ನೀರಾವಿ ತಣಿದು ಈ ನೊರೆ ಕಟ್ಟುತ್ತದೆ. ಒರೆಸಿ, ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿ, ಮತ್ತೆ ನೋಡಿ. ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದ್ದು, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಆಗ ಗ್ಯಾಸ್ಕೆಟ್ ಮಾತು. ಅಂಥ ಗಾಡಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ.

ಇನ್ನು ಮುಚ್ಚಳದ ತೂತಿನಿಂದ ಒಳಗೆ. ಲೋಹಕ್ಕೆ ತೆಳು ಕಂದು ವಾರ್ನಿಶ್ ಹತ್ತಿದೆ, ಉಗುರಿಗೆ ಏನೂ ಬರುವುದಿಲ್ಲ ಎಂದರೆ ಚಿಂತೆಯಿಲ್ಲ, ಅದು ಹಾಗೇ ಇರಲಿ. ಉಗುರಿಗೆ ಕಪ್ಪು ಜೆಲ್ಲಿ ಮೆತ್ತಿಕೊಂಡರೆ ನಿಧಾನವಾಗಿ ತೊಳೆಯಬಹುದಾದ ಗಸಿ. ಇದ್ದಿಲ ಚಕ್ಕೆಯಂತೆ ಒಣಗಿ ಎದ್ದು ಬರುತ್ತಿದ್ದರೆ ಯಾವ ಡಬ್ಬಿ ಔಷಧಿಯನ್ನೂ ಹಾಕಬೇಡಿ, ನೇರ ಹಂತ 6ಕ್ಕೆ ಹೋಗಿ. ಕೆಲವು ಕಾರುಗಳಲ್ಲಿ ಮುಚ್ಚಳದ ಕೆಳಗೇ ತಗಡಿನ ತಡೆ ಇದ್ದು ಏನೂ ಕಾಣುವುದಿಲ್ಲ. ಫೋನಿಗೆ ಸಿಕ್ಕಿಸುವ ವೈರ್ ಕ್ಯಾಮೆರಾ ಇದ್ದರೆ ಅದನ್ನು ಇಳಿಸಿ ನೋಡಬಹುದು.

ಹಂತ 4: ಪಿಸಿವಿ ವಾಲ್ವ್

ಇದನ್ನು ಬಿಟ್ಟು ಬರೀ ಆಯಿಲ್ ಬದಲಿಸಿದರೆ ಗಸಿ ಮತ್ತೆ ಬರುತ್ತದೆ. ಚೇಂಬರಿನ ಆವಿಯನ್ನು ಎಂಜಿನ್ ಗಾಳಿ ಸೇದುವ ಕಡೆಗೆ, ಅಂದರೆ ಇಂಟೇಕ್‌ಗೆ ಎಳೆದುಕೊಳ್ಳುವ ದಾರಿ ಇದು. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಮುಚ್ಚಳ ತೆಗೆದು ತೂತಿನ ಮೇಲೆ ತೆಳು ಕಾಗದ ಇಡಿ. ಮೆಲ್ಲಗೆ ಒಳಗೆ ಎಳೆದರೆ ಸರಿ. ಹಾರಿ ಹೋದರೆ ವಾಲ್ವ್ ಕಟ್ಟಿದೆ, ಇಲ್ಲವೇ ರಿಂಗ್ ಸವೆದಿದೆ. ವಾಲ್ವ್ ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಟಕಟಕ ಎನ್ನಬೇಕು. ಅನ್ನದಿದ್ದರೆ ಕಾರ್ಬ್ ಕ್ಲೀನರ್ ಹೊಡೆದು ಉಳಿಸಿಕೊಳ್ಳಲು ಹೋಗದೆ ಹೊಸದು ಹಾಕಿ. ಪೈಪ್ ಒಳಗೆ ಗಟ್ಟಿಯಾಗಿ ಸೀಳಿದ್ದರೆ ಅದನ್ನೂ ಬದಲಿಸಿ.

ಹಂತ 5: ಅವಸರವಿಲ್ಲದ ತೊಳೆತ

ಗ್ಯಾರೇಜುಗಳಲ್ಲಿ ಇಂದಿಗೂ ನಡೆಯುವ ಪದ್ಧತಿ: ಹಳೆ ಆಯಿಲ್ ಇಳಿಸಿ, ಎರಡು ಲೀಟರ್ ಡೀಸೆಲ್ ಅಥವಾ ಸೀಮೆಎಣ್ಣೆ ತುಂಬಿ, ಐದು ನಿಮಿಷ ಎಂಜಿನ್ ಓಡಿಸಿ ಇಳಿಸುವುದು. ಕಪ್ಪು ನೀರು ಇಳಿಯುವುದನ್ನು ಕಂಡು ಗಿರಾಕಿಗೆ ಖುಷಿ. ಆದರೆ ಆ ಐದು ನಿಮಿಷ ಬೇರಿಂಗ್‌ಗಳಿಗೆ ಆಯಿಲ್ ಪದರವೇ ಇರುವುದಿಲ್ಲ. ಕಿತ್ತುಬಂದ ಚೂರುಗಳು ಪಂಪಿನ ಬಾಯಿಯ ಜಾಲರಿಗೆ, ಅಂದರೆ ಸ್ಟ್ರೈನರ್‌ಗೆ ಹೋಗಿ ಕೂರುತ್ತವೆ. ತಿಂಗಳೊಪ್ಪತ್ತಿನಲ್ಲಿ ಎಂಜಿನ್ ಹಿಡಿದುಕೊಂಡರೆ ಆ ತೊಳೆತ ಯಾರಿಗೂ ನೆನಪಿರುವುದಿಲ್ಲ. ಎಂಜಿನ್ ಸಾಯುವುದು ಟ್ಯಾಪೆಟ್ ಕವರಿಗೆ ಹತ್ತಿದ ಗಸಿಯಿಂದಲ್ಲ, ಸ್ಟ್ರೈನರ್ ಕಟ್ಟುವುದರಿಂದ.

ಡಬ್ಬಿಯಲ್ಲಿ ಬರುವ ಎಂಜಿನ್ ಫ್ಲಶ್ ಅಷ್ಟು ಕೆಟ್ಟದ್ದಲ್ಲ, ಆದರೆ ಅದು ಶುಚಿಯಾಗಿರುವ ಎಂಜಿನ್‌ಗೆ ಮಾತ್ರ ಸುರಕ್ಷಿತ, ಅಂಥ ಎಂಜಿನ್‌ಗೆ ಅದು ಬೇಕಾಗಿಯೂ ಇಲ್ಲ. ಹಾಕಲೇಬೇಕೆಂದರೆ ಡಬ್ಬಿಯ ಮೇಲೆ ಬರೆದಷ್ಟೇ ನಿಮಿಷ, ಐಡ್ಲಿಂಗ್‌ನಲ್ಲಿ, ಆಕ್ಸಿಲರೇಟರ್ ಮುಟ್ಟದೆ. ಅದನ್ನು ಹಾಕಿಕೊಂಡು ರಸ್ತೆಗಿಳಿಯುವಂತಿಲ್ಲ.

ಜೆಲ್ಲಿಯಂಥ ಗಸಿಗೆ ಒಳ್ಳೆಯ ಆಯಿಲ್‌ಗಿಂತ ಒಳ್ಳೆಯ ಮದ್ದಿಲ್ಲ. ಕೈಪಿಡಿ ಹೇಳಿದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್ ಹಾಕಿ, 1,500 ಕಿಲೋಮೀಟರಿಗೆ ಎರಡನ್ನೂ ಬದಲಿಸಿ. ಮತ್ತೆ 2,000ಕ್ಕೆ, ಆಮೇಲೆ 3,000ಕ್ಕೆ. ಈ ಅವಧಿಯಲ್ಲಿ ವಾರಕ್ಕೊಮ್ಮೆಯಾದರೂ ಮುಕ್ಕಾಲು ಗಂಟೆ ನಿಲ್ಲಿಸದೆ ಓಡಿಸಿ. ಸಣ್ಣ ಪೆಟ್ರೋಲ್ ಕಾರಿಗೆ ಒಂದು ಸಲಕ್ಕೆ ಮೂರು, ಮೂರೂವರೆ ಲೀಟರ್, ದುಡ್ಡು ಹೋಗುತ್ತದೆ ನಿಜ. ಎಂಜಿನ್ ಬೋರ್ ಮಾಡಿಸುವ ಖರ್ಚಿನ ಮುಂದೆ ಅದು ಲೆಕ್ಕಕ್ಕಿಲ್ಲ. ಫಿಲ್ಟರ್ ಉಳಿಸಿಕೊಂಡು ‘ಮುಂದಿನ ಸಲ ಹಾಕೋಣ’ ಎನ್ನುವುದು ಇಲ್ಲಿ ಶುದ್ಧ ಮೂರ್ಖತನ, ಕರಗಿದ ಕೊಳೆ ಹೋಗಿ ತುಂಬುವುದೇ ಅದರೊಳಗೆ.

ಆಯಿಲ್ ಇಳಿಸುವಾಗ ಎಂಜಿನ್ ಬಿಸಿಯಿರಲಿ, ಅರ್ಧ ಗಂಟೆ ತೊಟ್ಟಿಕ್ಕಲು ಬಿಡಿ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು. ಫಿಲ್ಟರಿನ ರಬ್ಬರ್ ಉಂಗುರಕ್ಕೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಕು. ಹಳೆಯ ಫಿಲ್ಟರಿನ ಉಂಗುರ ಎಂಜಿನ್‌ಗೇ ಅಂಟಿಕೊಂಡಿದೆಯೇ ನೋಡಿ. ಎರಡು ಉಂಗುರ ಒಂದರ ಮೇಲೊಂದು ಕೂತರೆ ಆಯಿಲ್ ಪೂರ್ತಿ ರಸ್ತೆಗೆ ಚೆಲ್ಲುತ್ತದೆ.

ಬಿಚ್ಚಿದ ಫಿಲ್ಟರನ್ನು ಎಸೆಯುವ ಮುಂಚೆ ಅಂಚಿನಗುಂಟ ಕತ್ತರಿಸಿ ಒಳಗಿನ ಕಾಗದದ ಮಡಿಕೆ ಬಿಡಿಸಿ. ಹ್ಯಾಕ್ಸಾ ಬೇಡ, ಅದರ ಪುಡಿ ಬೆರೆತು ಏನೂ ತಿಳಿಯುವುದಿಲ್ಲ. ಬರೀ ಕಪ್ಪು ಪೇಸ್ಟ್ ಇದ್ದರೆ ತೊಳೆತ ಸಾಗುತ್ತಿದೆ. ಬಿಸಿಲಿಗೆ ಹಿಡಿದಾಗ ತಾಮ್ರದ ಅಥವಾ ಬೂದು ಬಣ್ಣದ ಮಿನುಗು ಚಕ್ಕೆ ಕಂಡರೆ, ಅದಕ್ಕೆ ಮ್ಯಾಗ್ನೆಟ್ ಹಿಡಿಯದಿದ್ದರೆ, ಅದು ಬೇರಿಂಗ್. ತೊಳೆತ ಅಲ್ಲಿಗೇ ನಿಲ್ಲಿಸಿ.

ಹಂತ 6: ಚೇಂಬರ್ ಇಳಿಸುವುದು

ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಕೆಂಪು ಆಯಿಲ್ ದೀಪ ಮಿಣುಕುತ್ತಿದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟ್ಯಾಪೆಟ್ ಅಥವಾ ಟೈಮಿಂಗ್ ಚೈನ್ ಸದ್ದು ಸೆಕೆಂಡುಗಟ್ಟಲೆ ನಿಲ್ಲುವುದಿಲ್ಲ ಎಂದರೆ ಓಡಿಸುತ್ತಾ ತೊಳೆಯುವ ಕಾಲ ಮುಗಿದಿದೆ. ಮೊದಲು ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿ ನಿಜವಾದ ಒತ್ತಡ ಅಳೆಯಿರಿ. ಬರೀ ಸ್ವಿಚ್ ಕೆಟ್ಟಿರಲೂಬಹುದು. ಕೈಪಿಡಿಯ ಅಂಕಿಗಿಂತ ಕಡಿಮೆ ಬಂದರೆ ಚೇಂಬರ್ ಇಳಿಸಿ. ಜಾಕ್ ಮೇಲೆ ಅಥವಾ ಇಟ್ಟಿಗೆ ಜೋಡಿಸಿ ಗಾಡಿಯಡಿ ನುಗ್ಗಬೇಡಿ. ಸ್ಟ್ಯಾಂಡ್ ಅಥವಾ ರ‍್ಯಾಂಪ್ ಇಲ್ಲದಿದ್ದರೆ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಹಲವು ಕಾರುಗಳಲ್ಲಿ ಸೈಲೆನ್ಸರಿನ ಮುಂದಿನ ಪೈಪ್ ಚೇಂಬರಿನಡಿಯೇ ಹಾದುಹೋಗುತ್ತದೆ, ಅದನ್ನು ಮೊದಲು ಬಿಚ್ಚಬೇಕು. ಚೇಂಬರಿನ ಬೋಲ್ಟ್ ಎಲ್ಲ ತೆಗೆದ ಮೇಲೂ ಸಿಲಿಕಾನ್ ಗಮ್ ಅದನ್ನು ಬಿಡುವುದಿಲ್ಲ. ಇಲ್ಲೇ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು, ಅಂಚು ಬಗ್ಗಿಸುವುದು, ಆಮೇಲೆ ಜನ್ಮವಿಡೀ ಆಯಿಲ್ ಸೋರುವುದು. ತೆಳ್ಳಗಿನ ಪುಟ್ಟಿ ಬ್ಲೇಡನ್ನು ಸಂದಿಗೆ ತಟ್ಟಿ ಒಳಬಿಟ್ಟು ಅಂಚಿನುದ್ದಕ್ಕೂ ಸರಿಸಿ. ಕೆಲವು ಚೇಂಬರ್‌ಗಳಿಗೆ ಮೀಟಲೆಂದೇ ಮೂಲೆಯಲ್ಲಿ ಜಾಗ ಬಿಟ್ಟಿರುತ್ತಾರೆ, ಹುಡುಕಿ.

ಸ್ಟ್ರೈನರ್ ಪೈಪಿನ ಎರಡೋ ಮೂರೋ ಬೋಲ್ಟ್ ಬಿಚ್ಚಿ ಹೊರತೆಗೆಯಿರಿ. ಸೀಮೆಎಣ್ಣೆಗೆ ಎಂಜಿನ್ ಕೆಲಸದಲ್ಲಿ ಇರುವ ಸರಿಯಾದ ಜಾಗ ಇದೇ: ಚೇಂಬರನ್ನೂ ಸ್ಟ್ರೈನರನ್ನೂ ಅದರಲ್ಲಿ ರಾತ್ರಿಯಿಡೀ ನೆನೆಹಾಕಿ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತಂತಿಯಿಂದ ಚುಚ್ಚಬೇಡಿ. ಪೈಪಿನ ತುದಿಯಿಂದ ಜಾಲರಿಯತ್ತ, ಅಂದರೆ ಆಯಿಲ್ ಹರಿಯುವ ದಿಕ್ಕಿಗೆ ಎದುರಾಗಿ ಕಂಪ್ರೆಸರ್ ಗಾಳಿ ಹೊಡೆಯಿರಿ. ಬೆಳಕಿಗೆ ಹಿಡಿದರೆ ಪ್ರತಿ ಕಣ್ಣೂ ತೆರೆದು ಕಾಣಬೇಕು. ಪೈಪಿನ ಬಾಯಿಯ ಓ ರಿಂಗ್ ಗಟ್ಟಿಯಾಗಿದ್ದರೆ ಅಲ್ಲಿಂದ ಗಾಳಿ ಎಳೆದು ಒತ್ತಡ ಬೀಳುತ್ತದೆ. ಅದು ಸರಿಯಿದ್ದಂತೆ ಕಂಡರೂ ಹೊಸದು ಹಾಕಿ.

ಹಳೆ ಗಮ್ ತೆಗೆಯಲು ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಡ್ರಿಲ್ಲಿಗೆ ಸಿಕ್ಕಿಸುವ ಎಮರಿ ಡಿಸ್ಕ್ ಬೇಡವೇ ಬೇಡ, ಅದರ ಪುಡಿ ಮೇಲೆ ಹಾರಿ ಬೇರಿಂಗ್ ತಿನ್ನುತ್ತದೆ. ಬ್ಲಾಕಿನಿಂದ ಆಯಿಲ್ ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಒಂದೆರಡು ಗಂಟೆ ಬಿಟ್ಟು, ಬ್ರೇಕ್ ಕ್ಲೀನರ್‌ನಿಂದ ಎರಡೂ ಅಂಚು ಒರೆಸಿ. ಎಣ್ಣೆ ಮೆತ್ತಿದ ಅಂಚಿಗೆ ಯಾವ ಗಮ್ಮೂ ಹಿಡಿಯದು. ಸುಮಾರು 3 ಮಿಲಿಮೀಟರ್ ದಪ್ಪದ ಒಂದೇ ಎಳೆ, ಬೋಲ್ಟ್ ತೂತುಗಳ ಒಳಬದಿಯಿಂದ. ‘ಜಾಸ್ತಿ ಹಾಕಿದರೆ ಸೋರಲ್ಲ’ ಎನ್ನುವವರ ಮಾತು ಕೇಳಬೇಡಿ. ಹೆಚ್ಚಾದ ಗಮ್ ಒಳಕ್ಕೆ ಹಿಂಡಿಕೊಂಡು, ಎಳೆಯಾಗಿ ಕಿತ್ತು, ಈಗಷ್ಟೇ ತೊಳೆದ ಸ್ಟ್ರೈನರನ್ನೇ ಕಟ್ಟುತ್ತದೆ. ಗಮ್ ಒಣಗುವ ಮೊದಲೇ ಚೇಂಬರ್ ಕೂರಿಸಿ, ಮಧ್ಯದಿಂದ ಹೊರಕ್ಕೆ ಅಡ್ಡಡ್ಡ ಬಿಗಿಯಿರಿ. ಎಂ6 ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, ಉದ್ದದ ಸ್ಪ್ಯಾನರ್ ಹಿಡಿದು ಬಲ ಹಾಕಿದರೆ ಥ್ರೆಡ್ ಹೋಗುತ್ತದೆ. ಆಯಿಲ್ ತುಂಬುವುದು ಮರುದಿನ.

ಸ್ಟಾರ್ಟ್ ಮಾಡುವ ಮುಂಚೆ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಹತ್ತು ಹತ್ತು ಸೆಕೆಂಡಿನಂತೆ, ನಡುವೆ ಬಿಡುವು ಕೊಟ್ಟು, ಆಯಿಲ್ ದೀಪ ಆರುವ ತನಕ ಬರೀ ಸೆಲ್ಫ್ ಹೊಡೆಯಿರಿ. ಟರ್ಬೊ ಇರುವ ಗಾಡಿಗೆ ಇದನ್ನು ತಪ್ಪಿಸಲೇಬಾರದು.

ಆಯಿಲ್ ಆರಿಸುವಾಗ

ಎಂಜಿನ್ ಸದ್ದು ನಿಲ್ಲಲೆಂದು, ತೆಳು 0ಡಬ್ಲ್ಯು-20 ಆಯಿಲ್ ಬೇಡುವ ಎಂಜಿನ್‌ಗೆ ದಪ್ಪನೆಯ 20ಡಬ್ಲ್ಯು-50 ಸುರಿಯುವುದು ಕಾಯಿಲೆ ಮುಚ್ಚಿಡುವ ಕೆಲಸ. ಬೆಳಗಿನ ಮೊದಲ ಸೆಕೆಂಡುಗಳಲ್ಲಿ ಆ ದಪ್ಪ ಆಯಿಲ್ ಮೇಲಕ್ಕೆ ತಲುಪುವುದೇ ತಡ. ಪೆಟ್ರೋಲ್ ಕಾರಿಗೆ ಡಬ್ಬಿಯ ಮೇಲೆ ಎಪಿಐ ಎಸ್‌ಪಿ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟದ ಗುರುತು) ಎಂದಿರುವುದನ್ನು ತೆಗೆದುಕೊಳ್ಳಿ, 2020ರಲ್ಲಿ ಬಂದ ಮಟ್ಟ ಅದು. ಡಿಪಿಎಫ್ ಇರುವ ಡೀಸೆಲ್‌ಗೆ ಕೈಪಿಡಿ ಕೇಳಿದ ಕಡಿಮೆ ಬೂದಿಯ ಆಯಿಲ್, ಸಾಮಾನ್ಯವಾಗಿ ಎಸಿಇಎ ಎಂಬ ಯುರೋಪಿನ ಗುಣಮಟ್ಟದ ಸಿ2 ಅಥವಾ ಸಿ3. ಬೇರೆ ಹಾಕಿದರೆ ಡಿಪಿಎಫ್ ಕಟ್ಟುತ್ತದೆ. ಅರ್ಧ ಬೆಲೆಗೆ ಸಿಗುವ ದೊಡ್ಡ ಬ್ರ್ಯಾಂಡಿನ ಡಬ್ಬಿ ಅನುಮಾನಕ್ಕೆ ಅರ್ಹ. ಸೀಲ್, ಬ್ಯಾಚ್ ನಂಬರ್, ಕ್ಯೂಆರ್ ಕೋಡ್ ನೋಡಿ, ಖಾಲಿಯಾದ ಡಬ್ಬಿಯನ್ನು ತೂತು ಮಾಡಿ ಎಸೆಯಿರಿ. ಗ್ಯಾರೇಜಿನಲ್ಲಿ ಬಿಟ್ಟು ಬಂದ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬರುತ್ತದೆ.

ಗಸಿ ಹೋದ ಮೇಲೂ, ಊರೊಳಗಿನ ಟ್ರಾಫಿಕ್ಕಿನಲ್ಲೇ ಓಡುವ ಕಾರಿಗೆ 10,000 ಕಿಲೋಮೀಟರ್ ಕಾಯಬೇಡಿ. 5,000 ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಇಳಿಸಿದ ಆಯಿಲ್ ಅನ್ನು ಗೆದ್ದಲಿಗೆಂದು ಬೇಲಿ ಕಂಬಕ್ಕೆ ಬಳಿಯುವುದು, ಮೋರಿಗೆ ಸುರಿಯುವುದು ಎರಡೂ ತಪ್ಪು, ಕಾನೂನಿನ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಹಳೆ ಡಬ್ಬಿಗೆ ತುಂಬಿ, ಬಳಸಿದ ಆಯಿಲ್ ಅನ್ನು ಅಧಿಕೃತ ಮರುಸಂಸ್ಕರಣೆಯವರಿಗೆ ಕೊಡುವ ಸರ್ವೀಸ್ ಸೆಂಟರಿಗೆ ಒಪ್ಪಿಸಿ.