ಸಿಗ್ನಲ್‌ನಲ್ಲಿ ನಿಂತ ಡಿ-ಟೈಪ್: ಹಳೆಯ ರೇಸ್ ಕಾರನ್ನು ಮಾಮೂಲಿ ರಸ್ತೆಗೆ ಇಳಿಸುವ ಬಗೆ

ಜಾಗ್ವಾರ್ ಡಿ-ಟೈಪ್ 1955ರಿಂದ 1957ರವರೆಗೆ ಸತತ ಮೂರು ವರ್ಷ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಕಾರು. ಮಾರಾಟವಾಗದೆ ಉಳಿದವುಗಳಿಗೆ ದೊಡ್ಡ ಮುಂಗಾಜು, ಬಂಪರ್, ಪಕ್ಕದವರಿಗೊಂದು ಬಾಗಿಲು ಸೇರಿಸಿ ಎಕ್ಸ್‌ಕೆಎಸ್‌ಎಸ್ ಎಂಬ ಹೆಸರಲ್ಲಿ ಕಂಪನಿಯೇ 1957ರಲ್ಲಿ ರಸ್ತೆಗೆ ಬಿಟ್ಟಿತು. ಹಾಗಾಗಿ ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ ಇದನ್ನು ಓಡಿಸಬಹುದು, ಓಡಿಸಲೇಬೇಕು. ಆದರೆ ಇದು ನಿಂತು ನಿಂತು ಹೋಗಲು ಕಟ್ಟಿದ ಗಾಡಿಯಲ್ಲ. ತೊಂದರೆಗಳಲ್ಲಿ ಹೆಚ್ಚಿನವು ನಿಂತಲ್ಲೇ ಶುರುವಾಗುತ್ತವೆ.

ಪೆಟ್ರೋಲ್‌ನಿಂದಲೇ ಆರಂಭಿಸಿ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇ 10ರವರೆಗೆ ಎಥನಾಲ್ ಬೆರೆಸಿದ್ದು. ಅದರ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. 97 ಆಕ್ಟೇನ್‌ನ ಇ5 (ಎಥನಾಲ್ ಶೇ 5ರವರೆಗೆ ಮಾತ್ರ) ಹಾಕಿಸಿ, ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ.

ಎಂಜಿನ್ ತಣ್ಣಗಿದ್ದರೆ ಪೆಟ್ರೋಲ್ ಪಂಪ್ ಹಾಕಿ, ಟಿಕ್ ಟಿಕ್ ಸದ್ದು ನಿಧಾನವಾಗುವವರೆಗೆ ಕಾಯಿರಿ. ಆಕ್ಸಿಲರೇಟರನ್ನು ಎರಡು ಮೂರು ಸಲ ತುಳಿದು ಸ್ಟಾರ್ಟ್ ಮಾಡಿ. ಎಣ್ಣೆ 60 ಡಿಗ್ರಿಗೆ ಬರುವ ತನಕ 2,500 ಆರ್‌ಪಿಎಂ ದಾಟಿಸಬೇಡಿ. ನೀರು ಬೇಗ ಕಾಯುತ್ತದೆ, ಎಣ್ಣೆ ತಡವಾಗಿ. ನೋಡಬೇಕಾದದ್ದು ಎಣ್ಣೆಯ ಮುಳ್ಳನ್ನು.

ಇನ್ನು ಕ್ಲಚ್. ಇದರಲ್ಲಿ ಮೂರು ತೆಳು ಪ್ಲೇಟುಗಳಿವೆ. ಅರ್ಧ ಕ್ಲಚ್‌ನಲ್ಲಿ ತೆವಳಿಸಿದರೆ ಬಿಸಿ ಹೋಗಲು ಜಾಗವಿಲ್ಲದೆ ಪ್ಲೇಟು ಸೊಟ್ಟಗಾಗುತ್ತದೆ. ಆಮೇಲೆ ಪೆಡಲ್ ಪೂರ್ತಿ ತುಳಿದರೂ ಕ್ಲಚ್ ಬಿಡುವುದಿಲ್ಲ, ಗೇರ್ ಕರಕರ ಎನ್ನುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತಂದು ಕಾಲು ತೆಗೆಯಿರಿ. ಮುಂದಿನ ಕಾರು ಎರಡು ಕಾರಿನಷ್ಟು ದೂರ ಹೋದ ಮೇಲೆ ಫಸ್ಟ್ ಹಾಕಿ, 1,500ರಿಂದ 2,000 ಆರ್‌ಪಿಎಂನಲ್ಲಿ ಒಂದೇ ಸಲಕ್ಕೆ ಬಿಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.

ಇಂಧನಕ್ಕೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ರೇಸಿನದಾದರೆ ಊರೊಳಗೆ ನಡೆಯುವುದಿಲ್ಲ. ತುದಿ ಸುಮಾರು 450 ಡಿಗ್ರಿ ತಲುಪದಿದ್ದರೆ ಮಸಿ ಸುಟ್ಟುಹೋಗದೆ ಕೂರುತ್ತದೆ, ಎಂಜಿನ್ ಒಂದೊಂದೇ ಸಿಲಿಂಡರ್ ಬಿಟ್ಟು ಓಡತೊಡಗುತ್ತದೆ. ಒಂದೆರಡು ಹಂತ ‘ಬಿಸಿ’ಯಾದ, ಅಂದರೆ ತುದಿಯ ಶಾಖವನ್ನು ನಿಧಾನವಾಗಿ ಬಿಡುವ ಪ್ಲಗ್ ಹಾಕಿ. ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ಅಂಕಿ ಚಿಕ್ಕದಾದಷ್ಟೂ ಪ್ಲಗ್ ಬಿಸಿ. ಅದಕ್ಕಿಂತ ಮುಂದೆ ಹೋದರೆ ಹೈವೇಯಲ್ಲಿ ಕಿಡಿಗೆ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ತೂತಾಗಬಹುದು. ಬಿಚ್ಚಿ ನೋಡಿದಾಗ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ. ಒಣ ಕರಿ ಮಸಿ ಬೆರಳಿಗೆ ಅಂಟಿದರೆ ಪ್ಲಗ್ ಇನ್ನೂ ತಣ್ಣಗಿದೆ, ಇಲ್ಲವೇ ಕಾರ್ಬುರೇಟರ್ ಪೆಟ್ರೋಲ್ ಹೆಚ್ಚು ಕೊಡುತ್ತಿದೆ.

ರೇಡಿಯೇಟರ್‌ಗೆ ವಿದ್ಯುತ್ ಫ್ಯಾನ್ ಕೂರಿಸಿ. ನಿಂತಾಗ ಡೈನಮೋ ಹೆಚ್ಚುಕಡಿಮೆ ಏನೂ ಚಾರ್ಜ್ ಕೊಡುವುದಿಲ್ಲ, ಫ್ಯಾನ್ ಬ್ಯಾಟರಿಯನ್ನೇ ತಿನ್ನುತ್ತದೆ. ಐಡಲ್ (ನಿಂತಾಗಿನ ಎಂಜಿನ್ ವೇಗ) 1,200 ಆರ್‌ಪಿಎಂಗೆ ಏರಿಸಿದರೆ ನೀರಿನ ಪಂಪಿಗೂ ಒಳ್ಳೆಯದು.

ಬ್ರೇಕಿಗೆ ರಸ್ತೆಯ ಪ್ಯಾಡನ್ನೇ ಹಾಕಿ. ರೇಸ್ ಪ್ಯಾಡ್ ಕಾದರೆ ಮಾತ್ರ ಹಿಡಿಯುತ್ತದೆ, ಬೆಳಗಿನ ಮೊದಲ ತಿರುವಿನಲ್ಲಿ ಹಿಡಿಯುವುದಿಲ್ಲ.

ಬಿಸಿ ಎಂಜಿನ್ ಆರಿಸಿ ಹತ್ತು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಮಾಡುವಾಗ ವೆಬರ್ ಕಾರ್ಬುರೇಟರ್‌ಗಳಲ್ಲಿ ಕುದಿದ ಪೆಟ್ರೋಲ್ ಒಳಗೆ ಸುರಿದಿರುತ್ತದೆ. ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯದೆ, ಪೂರ್ತಿ ಒತ್ತಿ ಹಿಡಿದು ಕ್ರ್ಯಾಂಕ್ ಮಾಡಿ.

ಎಣ್ಣೆಯ ಮಟ್ಟವನ್ನು ಬೆಳಿಗ್ಗೆ ನೋಡಬೇಡಿ. ಇದು ಡ್ರೈ ಸಂಪ್, ಅಂದರೆ ಎಣ್ಣೆ ಎಂಜಿನ್ನಿನ ತಳದಲ್ಲಿರದೆ ಬೇರೆ ಟ್ಯಾಂಕಿನಲ್ಲಿರುತ್ತದೆ. ರಾತ್ರಿಯಿಡೀ ನಿಂತರೆ ಟ್ಯಾಂಕಿನ ಎಣ್ಣೆ ಕೆಳಗಿಳಿದು ಕಡಿಮೆಯಾದಂತೆ ಕಾಣುತ್ತದೆ, ಮೇಲೆ ಸುರಿದರೆ ಓಡುವಾಗ ಉಕ್ಕಿ ಚೆಲ್ಲುತ್ತದೆ. ಮನೆ ಸೇರಿ ಎಂಜಿನ್ ಆರಿಸಿದ ಕೂಡಲೇ, ಬಿಸಿಯಿರುವಾಗಲೇ ನೋಡಿ.